ಬಿಚ್ಚಿದ ಅಂಗೈ

ಹೆರಿಗೆ ವಾರ್ಡಿನಲ್ಲಿ ಬೆನ್ನ ಹಿಂದೆ ನನಗಿರುವ ಹೆಸರು ಸಿಡುಕಮ್ಮ. ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ಅದನ್ನು ಪಿಸುಗುಟ್ಟಿ ಕಿಸಕ್ಕೆಂದು ನಗುವುದು ನನ್ನ ಕಿವಿಗೆ ಬೀಳದೆ ಇಲ್ಲ. ಇಪ್ಪತ್ತೆರಡು ವರ್ಷ ಸಿಡುಕಿದ್ದೇನೆ, ಸುಳ್ಳೇಕೆ? ಕೈ ತೊಳೆಯದೆ ಒಳಗೆ ಬಂದ ಡಾಕ್ಟರ ಮೇಲೆ ಸಿಡುಕಿದ್ದೇನೆ. ನೋವು ತಿನ್ನುತ್ತಿದ್ದವಳಿಗೆ "ಬಾಯಿ ಮುಚ್ಚು" ಎಂದ ಆಯಾಳನ್ನು ಬಾಗಿಲಾಚೆ ನಿಲ್ಲಿಸಿದ್ದೇನೆ. ಆದರೆ ಸಿಡುಕಲೇಬೇಕಾಗಿದ್ದ ಒಂದು ದಿನ ಬಾಯಿಗೆ ಬೀಗ ಹಾಕಿಕೊಂಡು ಕಂಬದ ಹಾಗೆ ನಿಂತಿದ್ದೆ. ಇದು ಆ ದಿನದ ಕಥೆ. ಓದುವವರಿಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ನನಗೇ ಬಂದಿದೆ.

ಮೊದಲು ನಮ್ಮ ಕೆಲಸದ ಒಂದು ವಿಷಯ ಹೇಳಿಬಿಡುತ್ತೇನೆ. ಮಗು ಹುಟ್ಟಿದ ತಕ್ಷಣ ಅದನ್ನು ಚೆನ್ನಾಗಿ ಒರೆಸಿ, ಬರಿಮೈಯಲ್ಲೇ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಮೇಲೊಂದು ಒಣ ಬಟ್ಟೆ ಹೊದಿಸಿ ಒಂದು ಗಂಟೆ ಬಿಡಬೇಕು. ಅಲ್ಲಿಯವರೆಗೆ ಹೊಟ್ಟೆಯೊಳಗೆ ನೀರಲ್ಲಿದ್ದ ಜೀವ ಗಾಳಿಗೆ ಹೊಂದಿಕೊಳ್ಳುವುದು ಆ ಗಂಟೆಯಲ್ಲಿ. ತಾಯಿಯ ಮೈಬಿಸಿ ಅದಕ್ಕೆ ಬೆಚ್ಚಗೆ, ತಾಯಿಯ ಎದೆಬಡಿತ ಅದಕ್ಕೆ ಗುರುತು. ಬಿಡಬೇಕು ಎಂದರೆ ಬಿಟ್ಟುಹೋಗಬೇಕು ಎಂದಲ್ಲ. ನರ್ಸ್ ಆದವಳು ಪಕ್ಕದಲ್ಲಿದ್ದು ನೋಡುತ್ತಿರಬೇಕು. ಮುಖ ಒಂದು ಪಕ್ಕಕ್ಕೆ ತಿರುಗಿದೆಯೇ, ಮೂಗು ಬಾಯಿ ತೆರೆದಿವೆಯೇ, ಕುತ್ತಿಗೆ ಮಡಚಿಲ್ಲ ತಾನೇ, ತುಟಿ ಕೆಂಪಗಿದೆಯೇ. ನೋಡುವುದೇ ಆ ಗಂಟೆಯ ಕೆಲಸ. ಬೇರೆ ಏನೂ ಇಲ್ಲ.

ಆ ವರ್ಷ ನಮ್ಮ ಮೇಲಿನವರಿಗೆ ಒಂದು ಪ್ರಶಸ್ತಿಯ ಹುಚ್ಚು ಹಿಡಿಯಿತು. ಯಾವ ಆಸ್ಪತ್ರೆಯಲ್ಲಿ ಎಲ್ಲ ಹೆರಿಗೆಗೂ ಈ ಎದೆಯಪ್ಪುಗೆ ನಡೆಯುತ್ತದೋ ಅದಕ್ಕೆ ಪ್ರಶಸ್ತಿ. ನಡೆಯಿತು ಎನ್ನಲು ಸಾಕ್ಷಿ ಬೇಕು, ಸಾಕ್ಷಿ ಎಂದರೆ ಫೋಟೋ. ಹೆರಿಗೆಯಾದ ಅರ್ಧ ಗಂಟೆಯೊಳಗೆ ವಾರ್ಡಿನ ಫೋನಿನಿಂದ ಫೋಟೋ ತೆಗೆದು ಕಳಿಸಬೇಕು. ಕಳಿಸಿದರೆ ಹಸಿರು ಗುರುತು, ತಡವಾದರೆ ಕೆಂಪು. ನಮ್ಮ ನರ್ಸಿಂಗ್ ಮುಖ್ಯಸ್ಥೆಗೆ ಕೆಂಪು ಕಂಡರಾಗದು. ಆಕೆಗೂ ಒಂದು ಅಡ್ಡಹೆಸರಿದೆ, ನೂರಕ್ಕೆ ನೂರು. ತೊಂಬತ್ತೊಂಬತ್ತು ಆದರೆ ಆಕೆಗೆ ಊಟ ಸೇರುವುದಿಲ್ಲ, ನಮಗೂ ಸೇರಿಸುವುದಿಲ್ಲ.

ಫೋಟೋ ಹೇಗಿರಬೇಕು ಎಂಬುದಕ್ಕೆ ಆಕೆ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಳು. ತಾಯಿಯ ಮುಖ ಕಾಣಬೇಕು. ತಾಯಿ ನಗುತ್ತಿರಬೇಕು. ಹಿಂದೆ ಆಸ್ಪತ್ರೆಯ ಫಲಕ ಕಾಣಬೇಕು. ಎದೆ ಕಾಣಬಾರದು. ಮಗುವಿನ ಮೂಗು ಕಾಣಬೇಕು ಎಂಬ ಮಾತು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ನಮ್ಮಲ್ಲಿ ಮೂಗನ್ನೇ ಬಿಟ್ಟು ಮೂಗುತಿ ಮಾಡಿಸಿಟ್ಟಿದ್ದರು. ಒಂದು ಗಂಟೆಯ ಕೆಲಸ ಒಂದು ಕ್ಲಿಕ್ಕಿಗೆ ಇಳಿಯಿತು. ನಾನು ಗೊಣಗಿದೆ, ಬೈದೆ, ಆಮೇಲೆ ಎಲ್ಲರ ಹಾಗೆ ತೆಗೆಯತೊಡಗಿದೆ. ನನ್ನ ಕೈ ನಡುಗುವುದಿಲ್ಲ, ನನ್ನ ಫೋಟೋಗಳೇ ಎಲ್ಲಕ್ಕಿಂತ ಚೆನ್ನಾಗಿ ಬರುತ್ತವೆ ಎಂದು ಹೊಗಳಿಸಿಕೊಂಡೆ ಕೂಡ. ಥೂ.

ಆ ದಿನ ಬೆಳಿಗ್ಗೆ ಬಂದವಳು ಒಬ್ಬ ಟೈಲರ್. ಮನೆಯಲ್ಲೇ ಎರಡು ಮೆಷಿನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳಂತೆ. ಚೊಚ್ಚಲ ಹೆರಿಗೆ. ಜೊತೆಗೆ ಬಂದವರು ಅತ್ತೆ. ಗಂಡ ಬಸ್ ಡ್ರೈವರ್, ದೂರದ ಪಾಳಿಯಲ್ಲಿದ್ದ. ನೋವಿನ ನಡುನಡುವೆಯೂ ಆ ಹುಡುಗಿಯ ಕಣ್ಣು ಬಟ್ಟೆಯ ಮೇಲೆಯೇ.

"ಸಿಸ್ಟರ್, ನಿಮ್ಮ ಕಾಲರ್ ಒಂದು ಕಡೆ ಎಳೀತಿದೆ. ಹೊಲಿದೋರು ಯಾರು?"

"ಮೊದಲು ನೀನು ನಿನ್ನ ಕೆಲಸ ಮುಗಿಸು ಮಹಾತಾಯಿ, ಆಮೇಲೆ ನನ್ನ ಕಾಲರ್ ನೋಡುವೆಯಂತೆ."

ಬಾಗಿಲ ಬಳಿ ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ಅವಳು ಹಾಗೇ ಸಿಸ್ಟರ್! ಮದುವೆ ದಿನ ನನ್ನ ಮಗನ ಮುಖ ನೋಡೋದು ಬಿಟ್ಟು ಅವನ ಕೋಟಿನ ಗುಂಡಿ ನೋಡ್ತಾ ನಿಂತಿದ್ಲು!"

ಹನ್ನೊಂದು ಇಪ್ಪತ್ತಕ್ಕೆ ಹೆಣ್ಣುಮಗು. ಹುಟ್ಟುತ್ತಲೇ ಕಿರುಚಿತು. ಅಂಥ ಕೂಗು ಕೇಳಿದರೆ ನನಗೆ ಇಂದಿಗೂ ಮೈ ಹಗುರಾಗುತ್ತದೆ. ಒರೆಸಿದೆ, ಟೋಪಿ ಹಾಕಿದೆ, ಅವಳ ಎದೆಯ ಮೇಲೆ ಮಲಗಿಸಿದೆ. ಮುಖ ಎಡಕ್ಕೆ, ಮೂಗು ತೆರೆದು, ಎಲ್ಲ ಸರಿಯಾಗಿಯೇ ಇತ್ತು. ಮಂಚದ ತಲೆಭಾಗವನ್ನು ಎತ್ತರಿಸಿದ್ದೆ. ಮಗು ಕಣ್ಣು ಬಿಟ್ಟು ತಾಯಿಯ ಗಲ್ಲದ ಕೆಳಭಾಗವನ್ನು ನೋಡುತ್ತಿತ್ತು. ಇಲ್ಲಿಗೆ ನಿಂತಿದ್ದರೆ ನಾನು ಒಳ್ಳೆಯ ನರ್ಸ್.

ಪಕ್ಕದ ಮಂಚದಲ್ಲಿ ಇನ್ನೊಬ್ಬಳಿಗೆ ನೋವು ಏರುತ್ತಿತ್ತು. ನೂರಕ್ಕೆ ನೂರು ಬಾಗಿಲಲ್ಲಿ ತಲೆ ಹಾಕಿ, "ಫೋಟೋ ಹೋಯ್ತಾ? ಹತ್ತು ನಿಮಿಷ ಇದೆ ಅಷ್ಟೇ," ಎಂದು ಹೋದಳು. ನಾನು ಫೋನು ತೆಗೆದೆ. ತಲೆಭಾಗ ಎತ್ತರಿಸಿದ್ದರಿಂದ ಗೋಡೆಯ ಫಲಕ ಅವಳ ತಲೆಯ ಹಿಂದೆ ಅಡಗಿತ್ತು. ಹಿಡಿಕೆ ತಿರುಗಿಸಿ ಮಂಚವನ್ನು ಚಪ್ಪಟೆ ಮಾಡಿದೆ. ಎದೆ ಕಾಣುತ್ತಿತ್ತು. ಹೊದಿಕೆಯ ಅಂಚು ಹಿಡಿದು ಅವಳ ಕೊರಳವರೆಗೆ ಎಳೆದೆ. ಮರ್ಯಾದೆಯ ಪ್ರಶ್ನೆಯಲ್ಲವೇ! ಮಗುವಿನ ಟೋಪಿಯಷ್ಟು ಮೇಲೆ ಕಾಣುತ್ತಿತ್ತು, ಒಂದು ಪುಟ್ಟ ಕೈ ಹೊರಗೆ ಬಂದು ತಾಯಿಯ ಕತ್ತಿನ ಮೇಲಿತ್ತು. ಚೌಕಟ್ಟು ಚೆನ್ನಾಗಿ ಕೂತಿತು. ಕಿಟಕಿಯ ಬೆಳಕು ಕಣ್ಣು ಕುಕ್ಕದಂತೆ ಅತ್ತಿತ್ತ ಸರಿದು ಒಂದೆರಡು ನಿಮಿಷ ಕಳೆದೆ.

"ಸಿಸ್ಟರ್, ಸುಮ್ಮನಾಗ್ಬಿಟ್ಳು," ಎಂದಳು ಹುಡುಗಿ.

"ನಿದ್ದೆ ಹೋಗಿರ್ತಾಳೆ. ಈ ಕಡೆ ನೋಡು. ನಗು."

ಅವಳು ನಕ್ಕಳು. ನಾನು ತೆಗೆದೆ. ಹನ್ನೊಂದು ನಲವತ್ತೆರಡು. ಹಸಿರು ಗುರುತು ಬಂತು.

ಪಕ್ಕದ ಮಂಚಕ್ಕೆ ಹೋಗಿ ಆ ಹೆಂಗಸಿನ ಹೊಟ್ಟೆಯ ಮೇಲೆ ಕೈಯಿಟ್ಟು ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ನೋಡಿದೆ. ಆಮೇಲೆ ಫೋಟೋದ ಕೆಳಗೆ ಮಂಚದ ಸಂಖ್ಯೆ ತುಂಬಲು ಮತ್ತೆ ಫೋನು ತೆರೆದೆ. ಆಗ ಕಂಡಿತು. ಆ ಕೈ ಬಿಚ್ಚಿತ್ತು. ಅಂಗೈ ಅಗಲವಾಗಿ, ಬೆರಳು ಐದೂ ಸಡಿಲವಾಗಿ ಚಾಚಿಕೊಂಡಿದ್ದವು. ಆಗತಾನೇ ಹುಟ್ಟಿದ ಮಗುವಿನ ಕೈ ಹಾಗಿರುವುದಿಲ್ಲ. ಮುಷ್ಟಿ ಕಟ್ಟಿರುತ್ತದೆ, ಬಿಡಿಸಲು ಹೋದರೆ ನಮ್ಮ ಬೆರಳನ್ನೇ ಹಿಡಿದುಕೊಳ್ಳುತ್ತದೆ. ಎರಡು ಬೆರಳಿಂದ ಚಿತ್ರ ಹಿಗ್ಗಿಸಿದೆ. ಉಗುರುಗಳು ನೀಲಿ.

ಮೂರು ಹೆಜ್ಜೆ ದೂರದ ಜೀವವನ್ನು ನಾನು ಕಂಡದ್ದು ಫೋನಿನಲ್ಲಿ. ಎದುರಿಗೇ ನಿಂತು ನಗು ನಗು ಎಂದವಳು ಇದೇ ಕಣ್ಣಿನವಳು. ಆ ಕಣ್ಣಿಗಿಷ್ಟು ಮಣ್ಣು ಬೀಳ!

ಹೊದಿಕೆ ಕಿತ್ತೆಸೆದೆ. ಮೂಗು ಎದೆಯಲ್ಲಿ ಹೂತು, ಗದ್ದ ಎದೆಗೂಡಿಗೆ ಮಡಚಿ, ಮಗು ಹಿಂಡಿದ ಬಟ್ಟೆಯಂತೆ ಬಿದ್ದಿತ್ತು. ಎತ್ತಿಕೊಂಡು, ಮಗುವನ್ನು ಬೆಚ್ಚಗಿಡುವ ಬಿಸಿಮೇಜಿಗೆ ಓಡಿದೆ. ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಇಲ್ಲ. ತಲೆ ನೇರಮಾಡಿ, ಮೂಗು ಬಾಯಿಯ ಮೇಲೆ ಪುಟ್ಟ ಮಾಸ್ಕ್ ಇಟ್ಟು ಗಾಳಿಚೀಲ ಒತ್ತತೊಡಗಿದೆ. ಒತ್ತು, ಬಿಡು, ಬಿಡು. ಒತ್ತು, ಬಿಡು, ಬಿಡು. ಎದೆ ಏಳುತ್ತಿದೆಯೇ? ಏಳುತ್ತಿದೆ. ಓಡಿಬಂದ ಹೊಸ ನರ್ಸ್ ಹುಡುಗಿ ಸ್ಟೆತಾಸ್ಕೋಪ್ ಇಟ್ಟು, ಬಡಿತಕ್ಕೆ ತಕ್ಕಂತೆ ಮೇಜಿನ ಮೇಲೆ ಬೆರಳು ಕುಟ್ಟಿ ತೋರಿಸಿದಳು. ಟಕ್... ಟಕ್... ಎಷ್ಟು ನಿಧಾನ! ಹಿಂದಿನಿಂದ ತಾಯಿಯ ದನಿ: "ಏನಾಯ್ತು? ಸಿಸ್ಟರ್, ಏನಾಯ್ತು?" ಒತ್ತು, ಬಿಡು, ಬಿಡು. ನರ್ಸ್ ಹುಡುಗಿಯ ಬೆರಳು ಚುರುಕಾಯಿತು. ಟಕ್ ಟಕ್ ಟಕ್. ಎರಡು ನಿಮಿಷಕ್ಕೆ ಮಗು ಬಿಕ್ಕಿತು, ಕೆಮ್ಮಿತು, ಆಮೇಲೆ ಕರ್ಕಶವಾಗಿ ಅತ್ತಿತು. ಮುಷ್ಟಿ ಕಟ್ಟಿತು.

ಮಕ್ಕಳ ಡಾಕ್ಟರು ಬಂದು ನೋಡಿ, ಒಂದು ದಿನ ತಮ್ಮ ಘಟಕದಲ್ಲಿಟ್ಟುಕೊಂಡು, ಮಗು ಪೂರ್ತಿ ಸರಿಯಾಗಿದೆ ಎಂದರು. ನಾನು ಕೇಸ್ ಹಾಳೆಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ಮಂಚ ಚಪ್ಪಟೆ ಮಾಡಿದ್ದು, ಹೊದಿಕೆ ಎಳೆದದ್ದು, ಹನ್ನೊಂದು ನಲವತ್ತಾರಕ್ಕೆ ಉಸಿರಿಲ್ಲದೆ ಸಿಕ್ಕಿದ್ದು. ನೂರಕ್ಕೆ ನೂರು ಅದನ್ನು ಓದಿ ಕನ್ನಡಕ ತೆಗೆದಳು.

"ಇದು ಹಾಳೆಯಲ್ಲೇ ಇರಲಿ ಸಿಸ್ಟರ್. ತಾಯಿಗೆ ಹೇಳೋದು ಬೇಡ. ಮಗು ಚೆನ್ನಾಗಿದೆಯಲ್ಲ, ಸುಮ್ನೆ ಯಾಕೆ ಹೆದರಿಸೋದು? ಚಳಿ ಹಿಡೀತು ಅಂದ್ರಾಯ್ತು."

"ಚಳಿ ಹೇಗೆ ಹಿಡಿಯುತ್ತೆ ಮೇಡಂ? ಎದೆ ಮೇಲಿತ್ತು."

"ಎದೆ ತಣ್ಣಗಿತ್ತು ಅನ್ನೋಣ."

ಹಾವು ಸಾಯಬೇಕು, ಕೋಲು ಮುರಿಯಬಾರದು. ಆಕೆಯೇ ಮಂಚದ ಬಳಿ ಹೋಗಿ, ಆ ಹುಡುಗಿಯ ಹಣೆ ನೇವರಿಸಿ ಹೇಳಿದಳು: "ನಿನ್ನ ಮೈ ಸ್ವಲ್ಪ ತಣ್ಣಗಿತ್ತಮ್ಮ, ಅದಕ್ಕೇ ಮಗುಗೆ ಚಳಿ ಹಿಡೀತು. ಕೆಲವರ ಮೈ ಹಾಗೇ. ಈಗೇನೂ ಭಯ ಇಲ್ಲ."

ಹುಡುಗಿ ನನ್ನ ಕಡೆ ನೋಡಿದಳು. ಅಲ್ಲಿ, ಆ ಕ್ಷಣ, ನಾನು ಸಿಡುಕಬೇಕಿತ್ತು. ಸಿಡುಕಲಿಲ್ಲ. ತಪ್ಪು ನನ್ನ ಕೈಯದಾಗಿತ್ತು, ಆ ಸುಳ್ಳು ನನ್ನನ್ನು ಮುಚ್ಚುವ ಹೊದಿಕೆಯೂ ಆಗಿತ್ತು. ಕೊರಳವರೆಗೆ ಎಳೆದುಕೊಂಡು ನಿಂತೆ.

ಮೂರು ವಾರ ಕಳೆದು ಪ್ರಶಸ್ತಿ ಬಂತು. ಅದರ ಹಿಂದೆಯೇ ಮುಂಬಾಗಿಲಿನ ಒಳಗೋಡೆಗೆ ಆಳೆತ್ತರದ ಚಿತ್ರ ಬಂತು. ನೂರಾರು ಫೋಟೋಗಳಲ್ಲಿ ಆರಿಸಿದ್ದು ಅದನ್ನೇ. ಕೆಳಗೆ "ಮೊದಲ ಅಪ್ಪುಗೆ" ಎಂದು ದಪ್ಪಕ್ಷರ. ತಾಯಿಯ ಒಪ್ಪಿಗೆ ಇದೆಯಂತೆ. ಸೇರುವಾಗ ನೋವಿನಲ್ಲಿ ಸಹಿ ಹಾಕಿಸಿಕೊಂಡ ಹತ್ತು ಕಾಗದಗಳಲ್ಲಿ ಒಂದು ಅದು. ಬಂದವರೆಲ್ಲ ನಿಂತು ನೋಡಿ, "ಅಯ್ಯೋ, ಆ ಪುಟ್ಟ ಅಂಗೈ ನೋಡ್ರೀ, ಹೂ ಬಿಚ್ಚಿದ ಹಾಗಿದೆ," ಎನ್ನುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಉಗುರು ಗುಲಾಬಿ! ಚಿತ್ರ ಮಾಡಿದವರು ಬಣ್ಣ ತಿದ್ದಿದ್ದರು. ಸಾಯುತ್ತಿದ್ದ ಕೈಗೆ ಬಣ್ಣ ಬಳಿದು ಬಾಗಿಲಿಗೆ ತೂಗುಹಾಕಿದ್ದರು.

ಮುಖ್ಯಸ್ಥೆಯ ಕೋಣೆಗೆ ನುಗ್ಗಿದೆ.

"ಅದನ್ನ ಇಳಿಸಿ ಮೇಡಂ."

"ಯಾಕೆ? ನೀವೇ ತೆಗೆದದ್ದಲ್ವಾ? ಎಲ್ರೂ ಹೊಗಳ್ತಿದ್ದಾರೆ."

"ಆ ಫೋಟೋದಲ್ಲಿ ಮಗು ಉಸಿರಾಡ್ತಿಲ್ಲ!"

"ಮೆಲ್ಲಗೆ ಮಾತಾಡಿ. ಅದು ನಿಮಗೆ ಗೊತ್ತು, ನನಗೆ ಗೊತ್ತು. ನೋಡೋರಿಗೆ ಏನು ಗೊತ್ತು?"

ಮತ್ತೆ ಎರಡು ಸಲ ಹೋದೆ. ಎರಡನೆಯ ಸಲ ಆಕೆ ನನ್ನ ಹೆಸರಿನ ಫೈಲನ್ನು ಮೇಜಿನ ಮೇಲಿಟ್ಟುಕೊಂಡೇ ಮಾತಾಡಿದಳು. ಅರ್ಥವಾಯಿತು. ದಿನಕ್ಕೆರಡು ಬಾರಿ ಆ ಗೋಡೆಯ ಮುಂದೆ ತಲೆ ತಗ್ಗಿಸಿ ಓಡಾಡಿದೆ. ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. "ಪಾಪ, ಪಾತ್ರೆ ಏನ್ ಮಾಡ್ತು?" ಎಂದರು ನನ್ನವರು. ಅವರ ಮೇಲೂ ಹರಿಹಾಯ್ದೆ.

ಒಂದೂವರೆ ತಿಂಗಳಿಗೆ ಮಗುವಿನ ಚುಚ್ಚುಮದ್ದಿಗೆ ಅವರು ಬಂದರು. ನಾನು ಪಾಳಿ ಮುಗಿಸಿ ಹೊರಡುತ್ತಿದ್ದೆ. ಮುಂಬಾಗಿಲಲ್ಲಿ ಅತ್ತೆಯ ದನಿ ಕೇಳಿತು.

"ಏ, ಇಲ್ನೋಡೇ! ನೀನೇ ಕಣೇ! ಅಯ್ಯೋ ನನ್ನ ಬಂಗಾರ, ಇಷ್ಟೇ ವಯಸ್ಸಿಗೆ ಗೋಡೆ ಹತ್ತಿದ್ಯಲ್ಲೇ!" ಮಗು ಅವರ ಹೆಗಲ ಮೇಲಿತ್ತು. ನನ್ನನ್ನು ಕಂಡು, "ಬನ್ನಿ ಸಿಸ್ಟರ್, ಇದರ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೀರಿ," ಎಂದರು.

ಟೈಲರ್ ಹುಡುಗಿ ಚಿತ್ರವನ್ನೇ ನೋಡುತ್ತಿದ್ದಳು. ಬಟ್ಟೆ ಕತ್ತರಿಸುವ ಮುಂಚೆ ಟೈಲರುಗಳು ನೋಡುತ್ತಾರಲ್ಲ, ಹಾಗೆ. ಕೈಯೆತ್ತಿ ಹೊದಿಕೆಯ ಅಂಚಿನ ಮೇಲೆ ಬೆರಳಾಡಿಸಿದಳು.

"ಇದು ಇಲ್ಲಿಗೆ ಹೇಗೆ ಬಂತು ಸಿಸ್ಟರ್? ಮೊದ್ಲು ನೀವು ಹೊದಿಸಿದಾಗ ಇದರ ಅಂಚು ಮಗು ಭುಜಕ್ಕಿತ್ತು. ಈಗ ನನ್ನ ಕೊರಳಿಗಿದೆ. ಮಗು ಮೂಗು ಎಲ್ಲಿದೆ?"

ಮಗು ಅಳತೊಡಗಿತು. ಅತ್ತೆ ಚೀಲದಿಂದ ಮುಚ್ಚಳದ ಲೋಟ, ಚಮಚ ತೆಗೆದರು. ಹಿಂಡಿ ತಂದ ಎದೆಹಾಲು. ಚಮಚದಿಂದ ತೊಟ್ಟು ತೊಟ್ಟಾಗಿ ಕುಡಿಸತೊಡಗಿದರು.

"ಎದೆ ಹಾಲು ಇದೆಯಲ್ಲ, ಚಮಚ ಯಾಕೆ?" ಎಂದೆ.

"ಅವಳು ಎದೆಗೆ ಹಾಕ್ಕೊಳ್ಳೋದೇ ಇಲ್ಲ ಸಿಸ್ಟರ್," ಎಂದರು ಅತ್ತೆ. "ನನ್ನ ಮೈ ತಣ್ಣಗೆ, ಮಗುಗೆ ಆಗಲ್ಲ ಅಂತಾಳೆ. ಎತ್ಕೊಳ್ಳೋದೂ ಇಲ್ಲ, ಮೈಗೆ ತಾಗಿಸೋದೂ ಇಲ್ಲ. ಹಿಂಡಿ ಕೊಡ್ತಾಳೆ, ದೂರ ಕೂತು ನೋಡ್ತಾಳೆ. ನಾನೂ ಹೇಳಿ ಹೇಳಿ ಸಾಕಾದೆ. ಬಿಸಿನೀರಿನ ಬಾಟ್ಲು ಅಪ್ಕೊಂಡು ಮಲಗ್ತಾಳೆ ನೋಡಿ, ಮೈ ಬೆಚ್ಚಗಾಗ್ಲಿ ಅಂತ."

ಮಗು ಬದುಕಿತು, ಕಥೆ ಮುಗಿಯಿತು ಎಂದುಕೊಂಡಿದ್ದೆ. ಒಂದೂವರೆ ತಿಂಗಳು ಈ ಹುಡುಗಿ ತನ್ನ ಮೈಗೆ ಹೆದರಿಕೊಂಡು ತನ್ನ ಮಗಳಿಂದ ದೂರ ಕೂತಿದ್ದಳು. ನಾವು ಹೇಳಿದ ಒಂದು ಮಾತಿಗೆ.

"ನಿನ್ನ ಮೈ ತಣ್ಣಗಿರಲಿಲ್ಲ," ಎಂದೆ. ನನ್ನ ದನಿ ಇಡೀ ಪಡಸಾಲೆಗೆ ಕೇಳುವಷ್ಟು ಜೋರಾಗಿತ್ತು. "ಯಾವತ್ತೂ ಇರಲಿಲ್ಲ. ಫೋಟೋದಲ್ಲಿ ಎದೆ ಕಾಣಬಾರದು ಅಂತ ನಾನೇ ಹೊದಿಕೆ ಎಳೆದೆ. ಫಲಕ ಕಾಣಲಿ ಅಂತ ನಾನೇ ಮಂಚ ಇಳಿಸಿದೆ. ಮಗುವಿನ ಮೂಗು ಮುಚ್ಚಿಹೋಯ್ತು, ಉಸಿರು ನಿಂತಿತ್ತು. ಈ ಚಿತ್ರದಲ್ಲೇ ನಿಂತಿದೆ. ಆ ಕೈ ನೋಡು. ಚಳಿ ಅಂದದ್ದು ಸುಳ್ಳು. ಆ ಸುಳ್ಳು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ."

ಅತ್ತೆಯ ಕೈಯ ಚಮಚ ಅಲ್ಲೇ ನಿಂತಿತು. ಹುಡುಗಿಯ ಮುಖದಲ್ಲಿ ರಕ್ತ ಏರಿತು.

"ನಾನು ಹೇಳಿದ್ನಲ್ಲ," ಎಂದಳು ಮೆಲ್ಲಗೆ. "ಸುಮ್ಮನಾಗ್ಬಿಟ್ಳು ಅಂತ ಹೇಳಿದ್ನಲ್ಲ ನಾನು. ನೀವು ನಗು ಅಂದ್ರಿ." ಆಮೇಲೆ ದನಿ ಏರಿತು. "ನಾನು ನಕ್ಕೆ! ಇಲ್ಲಿ ನೋಡಿ, ನಗ್ತಿದ್ದೀನಿ! ನನ್ನ ಮಗು ಸಾಯ್ತಿತ್ತು, ನೀವು ನನ್ನ ನಗಿಸಿದ್ರಿ!"

ಚಿತ್ರದ ಕೆಳಗಿನ ಅಂಚಿಗೆ ಉಗುರು ತೂರಿಸಿ ಎಳೆದೆ. ಅಂಟು ಗಟ್ಟಿಯಾಗಿತ್ತು. ಅವಳೂ ಇನ್ನೊಂದು ಮೂಲೆ ಹಿಡಿದಳು. ಬಟ್ಟೆ ಹರಿಯುವ ಕೈ ಅವಳದು, ಒಂದೇ ಎಳೆತಕ್ಕೆ ಅರ್ಧ ಗೋಡೆ ಬರಿದಾಯಿತು. ಸದ್ದಿಗೆ ನೂರಕ್ಕೆ ನೂರು ಓಡಿಬಂದಳು.

"ಏನ್ ನಡೀತಿದೆ ಇಲ್ಲಿ? ಸಿಸ್ಟರ್! ಬುದ್ಧಿ ನೆಟ್ಟಗಿದೆಯಾ ನಿಮಗೆ? ನನ್ನ ಕೋಣೆಗೆ ಬನ್ನಿ, ಈಗ್ಲೇ!"

"ಬರ್ತೀನಿ ಮೇಡಂ. ಒಂದು ಗಂಟೆ ಆದ್ಮೇಲೆ," ಎಂದೆ. "ನನ್ನ ಫೈಲು ತೆಗೆದಿಟ್ಟಿರಿ. ಕೇಸ್ ಹಾಳೇನೂ ಅದರ ಜೊತೆಗಿಡಿ, ಇಬ್ರೂ ಕೂತು ಓದೋಣ."

ಹೆರಿಗೆ ವಾರ್ಡಿನ ಖಾಲಿ ಕೋಣೆಗೆ ಅವರನ್ನು ಕರೆದೊಯ್ದೆ. ಮಂಚದ ತಲೆಭಾಗ ಎತ್ತರಿಸಿದೆ. ಹುಡುಗಿ ಮಗುವನ್ನು ತೆಗೆದುಕೊಳ್ಳಲು ಕೈ ಚಾಚಿ, ಹಿಂದಕ್ಕೆಳೆದುಕೊಂಡಳು. ಅವಳ ಎರಡೂ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ.

"ಬೆಚ್ಚಗಿದೆ. ಸಿಡುಕಮ್ಮ ಸುಳ್ಳು ಹೇಳಲ್ಲ," ಎಂದೆ. ತಕ್ಷಣ ನಾಲಗೆ ಕಚ್ಚಿಕೊಂಡೆ. "ಇನ್ಮೇಲೆ ಹೇಳಲ್ಲ."

ಅವಳು ನಗಲಿಲ್ಲ. ಕುಪ್ಪಸದ ಗುಂಡಿ ತಾನೇ ಬಿಚ್ಚಿದಳು. ಅತ್ತೆ ಮಗುವಿನ ಅಂಗಿ ಕಳಚಿ ಎದೆಯ ಮೇಲಿಟ್ಟರು. ಮುಖ ಪಕ್ಕಕ್ಕೆ, ಗದ್ದ ಸ್ವಲ್ಪ ಮೇಲಕ್ಕೆ. ಮಗು ಒಂದು ಗಳಿಗೆ ಸುಮ್ಮನಿದ್ದು, ತಲೆ ಅತ್ತಿತ್ತ ಆಡಿಸಿ ಮೊಲೆತೊಟ್ಟು ಹುಡುಕತೊಡಗಿತು. ಒಂದೂವರೆ ತಿಂಗಳು ಚಮಚ ಕಂಡದ್ದಕ್ಕೆ ಗುರಿ ತಪ್ಪಿತು, ಮತ್ತೆ ತಪ್ಪಿತು, ಸಿಟ್ಟಿಗೆದ್ದು ಕಿರುಚಿತು. ಮೂರನೆಯ ಸಲಕ್ಕೆ ಕಚ್ಚಿಕೊಂಡಿತು. ಹುಡುಗಿಯ ಕಣ್ಣಿಂದ ನೀರು ಕಿವಿಗಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಅದೆಲ್ಲ ಬೇಡ," ಎಂದಳು, ನನ್ನ ಕಡೆ ನೋಡದೆ. "ನಾನು ನಿಮ್ಮನ್ನ ಕ್ಷಮಿಸಿಲ್ಲ. ಫೋನ್ ಅತ್ತೆ ಕೈಗೆ ಕೊಡಿ. ಇಲ್ಲಿ ಕೂತ್ಕೊಂಡು ನನ್ನ ಮಗಳ ಮೂಗು ನೋಡ್ತಿರಿ. ಪೂರ್ತಿ ಒಂದು ಗಂಟೆ."

ಫೋನನ್ನು ಅತ್ತೆಗೆ ಕೊಟ್ಟು, ಸ್ಟೂಲು ಎಳೆದುಕೊಂಡು ಕೂತು ನೋಡತೊಡಗಿದೆ. ಹೊರಗೆ ಯಾರೋ ಎರಡು ಸಲ ನನ್ನನ್ನು ಕೂಗಿದರು. ತಾಯಿಯ ಎದೆಯ ಮೇಲೆ ಆ ಪುಟ್ಟ ಕೈ ಮುಷ್ಟಿ ಕಟ್ಟಿಕೊಂಡಿತ್ತು.